ಓದಿದವರು ಬರೆದಿಟ್ಟ ಮಾತು

“ತಂಗೀ, ಅದ್ಯಾವ ಪುಸ್ತಕ?” ಎಂದು ಗೋಡೆಯಾಚೆಯಿಂದ ಕಾಕು ಕೇಳಿದರು. ಹೈದರಾಬಾದಿನ ಬರ್ಕತ್‌ಪುರದ ನಮ್ಮ ಗಲ್ಲಿಯಲ್ಲಿ ಹಳೆಯ ಮನೆಗಳ ನಡುವಿನ ಗೋಡೆ ಎದೆಮಟ್ಟದ್ದು. ಅದರ ಮೇಲೆ ಮೊಣಕೈ ಊರಿ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ನನ್ನ ಕೈಯಲ್ಲಿದ್ದದ್ದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ಹಳೆಯ ಪ್ರತಿ. ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಬಜಾರಿನಲ್ಲಿ ಪರೀಕ್ಷೆ ಗೈಡುಗಳ ರಾಶಿಯ ಕೆಳಗೆ ಸಿಕ್ಕಿತ್ತು. ಕವಿತೆಗಳು ಮನೆಯಲ್ಲಿದ್ದವು, ಆದರೂ ಇದನ್ನು ಕೊಂಡದ್ದು ಮೊದಲ ಹಾಳೆಯ ಸಲುವಾಗಿ.

ಆ ಹಾಳೆಯಲ್ಲಿ ಮದುಮಕ್ಕಳಿಗೆ ಹಾರೈಕೆ ಇದೆ. ವರನ ಗೆಳೆಯರು ಉಡುಗೊರೆ ಕೊಟ್ಟದ್ದು. 1942ರಲ್ಲಿ ಹೊರಬಂದ ಈ ಪುಸ್ತಕವನ್ನು ಮದುವೆಗೆ ಉಡುಗೊರೆಯಾಗಿ ಕೊಡುವುದು ಕನ್ನಡ ನಾಡಿನಲ್ಲಿ ಒಂದು ಪದ್ಧತಿಯೇ ಆಗಿತ್ತು, ಅದರಲ್ಲೇನೂ ಹೊಸದಿಲ್ಲ. ಆದರೆ ಒಳಗಿನ ಪುಟಗಳಲ್ಲಿ ಬೇರೊಂದು ಕೈಯ ಪೆನ್ಸಿಲ್ ಗೆರೆಗಳಿವೆ. ಒಂದು ಕವಿತೆಯ ಅಂಚಿನಲ್ಲಿ ಬರೀ ತಾರೀಖು ಬರೆದಿದೆ, ಮತ್ತೇನೂ ಇಲ್ಲ. ಆ ದಿನ ಆ ಮನೆಯಲ್ಲಿ ಏನಾಗಿತ್ತು? ಗಂಡ ವರ್ಗವಾಗಿ ಹೋದನೇ, ತವರಿನಿಂದ ಅಣ್ಣ ಬಂದನೇ, ಮಗು ನಕ್ಕಿತೇ? ಕವಿತೆ ಓದಿದಾಕೆ (ಆಕೆಯೇ ಇರಬೇಕು ಎಂದು ನನ್ನ ಮನಸ್ಸು ಹೇಳುತ್ತದೆ) ತನಗೆ ಗೊತ್ತಾದರೆ ಸಾಕು ಎಂದು ತಾರೀಖು ಹಾಕಿ ಪುಸ್ತಕ ಮುಚ್ಚಿದ್ದಾಳೆ. ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಬಹಳ ಓದಿಲ್ಲ.

“ಅಲ್ಲ ತಂಗೀ, ಮೊದಲಿನ ಮಂದಿ ಕವಿತಾ ಓದಿ ಸುಮ್ಮ ಕೂಡ್ತಿದ್ದಿಲ್ಲೇನು? ಬರದೂ ಇಡ್ತಿದ್ರೇನು?” ಎಂದರು ಕಾಕು.

ಬರೆದಿಡುತ್ತಿದ್ದರು. ಈ ಊರಿನಲ್ಲಂತೂ ಧಾರಾಳವಾಗಿ ಬರೆದಿಟ್ಟಿದ್ದಾರೆ. ಆದರೆ ಯಾರು ಬರೆದದ್ದು ಉಳಿದಿದೆ, ಯಾರದು ಹೋಗಿದೆ ಎಂಬುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಸಂಜೆ ಕಾಕುವಿಗೆ ನಾನು ಹೇಳಿದ್ದು ಅದನ್ನೇ.

ಮಾಹ್ ಲಖಾ ಬಾಯಿ ಚಂದಾ ಅವರ ಕಥೆಯಿಂದ ಶುರುಮಾಡಿದೆ. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡ ಈ ಕವಯಿತ್ರಿಯ ಗೋರಿ ಮೌಲಾ ಅಲಿ ಗುಡ್ಡದ ಬುಡದಲ್ಲಿದೆ. ನಿಜಾಮರ ದರ್ಬಾರಿನಲ್ಲಿ ದೊಡ್ಡ ಸ್ಥಾನವಿದ್ದ ಹೆಂಗಸು. ಕುಣಿತ, ಹಾಡು, ಕವಿತೆ ಮೂರರಲ್ಲೂ ಹೆಸರಾದವರು. ಆಕೆಯ ಗಜಲುಗಳ ಒಂದು ಹಸ್ತಪ್ರತಿ ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದು ಅಲ್ಲಿಗೆ ಹೋದದ್ದು ಕಂಪನಿ ಸರಕಾರದ ಕ್ಯಾಪ್ಟನ್ ಜಾನ್ ಮಾಲ್ಕಮ್ ಮೂಲಕ. 1799ರ ಅಕ್ಟೋಬರ್ 18ರಂದು ಆಕೆ ಅದನ್ನು ಆತನಿಗೆ ನಜರಾಗಿ ಕೊಟ್ಟರು. ಅದನ್ನು ಆತನೇ ಪುಸ್ತಕದ ಹಾಳೆಯ ಮೇಲೆ ಬರೆದಿಟ್ಟಿದ್ದಾನೆ: ಕುಣಿತದ ನಡುವೆ, ಆ ಕುಣಿತದ ಮುಖ್ಯ ಕಲಾವಿದೆಯೇ ಆಗಿದ್ದ ಈ ಅಸಾಮಾನ್ಯ ಹೆಂಗಸು ತನಗೆ ಇದನ್ನು ಕೊಟ್ಟಳು ಎಂದು.

“ಮತ್ತ, ಕವಿತಾ ಹ್ಯಾಂಗವ ಅಂತ?”

ಅದೇ ಇಲ್ಲ ನೋಡ್ರಿ ಕಾಕು. ದಿನ ಇದೆ, ಕುಣಿತ ಇದೆ, ಕೊಟ್ಟಾಕೆಯ ಹೆಸರು, ಪಡೆದವನ ಹೆಸರು ಇವೆ. ಒಳಗಿನ ಸಾಲುಗಳ ಬಗ್ಗೆ ಒಂದು ಅಕ್ಷರ ಇಲ್ಲ. ಒಬ್ಬ ಹೆಂಗಸು ತನ್ನ ಗಜಲುಗಳನ್ನು ನಕಲು ಮಾಡಿಸಿ, ತುಂಬಿದ ಮಜಲಿಸಿನಲ್ಲಿ ಕೈಗೆ ಕೊಟ್ಟಳು. ಪಡೆದವನು ಕೊಟ್ಟ ಗಳಿಗೆಯನ್ನು ನೆನಪಿಟ್ಟುಕೊಂಡ. ಮಾಲ್ಕಮ್ ಪಾರ್ಸಿ ಬಲ್ಲವನು, ಮುಂದೆ ಇರಾನಿಗೆ ರಾಯಭಾರಿಯಾಗಿ ಹೋದವನು. ಓದುವ ಶಕ್ತಿ ಇಲ್ಲದವನಲ್ಲ. ಆದರೂ ಆ ಹಾಳೆಯಲ್ಲಿ ಓದುಗ ಕಾಣುವುದಿಲ್ಲ, ಅತಿಥಿ ಕಾಣುತ್ತಾನೆ. ಇಷ್ಟಾಗಿಯೂ ನಾನು ಆ ಟಿಪ್ಪಣಿಗೆ ಋಣಿ. ಅದು ಇಲ್ಲದಿದ್ದರೆ ಆ ಪುಸ್ತಕ ಯಾವ ಸಂಜೆ, ಯಾವ ಕೈಯಿಂದ ದಾಟಿತು ಎಂದು ಯಾರಿಗೆ ತಿಳಿಯುತ್ತಿತ್ತು?

ಅದಕ್ಕೂ ಹಿಂದೆ, ಊರು ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಶಾಹನ ಕಾಲಕ್ಕೆ ಹೋದರೆ ಒಬ್ಬ ನಿಜವಾದ ಓದುಗ ಸಿಗುತ್ತಾನೆ: ಅವನ ತಮ್ಮನ ಮಗ, ಅಳಿಯ, ಮುಂದಿನ ಸುಲ್ತಾನ ಮುಹಮ್ಮದ್ ಕುತುಬ್ ಶಾಹ. ದೊಡ್ಡಪ್ಪ ತೀರಿಕೊಂಡದ್ದು 1612ರಲ್ಲಿ. ನಾಲ್ಕು ವರ್ಷದೊಳಗೆ, 1616ರಲ್ಲಿ, ಅವನ ದಖನಿ ಕವಿತೆಗಳನ್ನೆಲ್ಲ ಕೂಡಿಸಿ ಬರೆಸಿ, ತಾನೇ ಪದ್ಯದಲ್ಲಿ ಮುನ್ನುಡಿ ಬರೆದ. ಮಳೆಗಾಲ, ಬಸಂತ, ಹಣ್ಣು, ಹಬ್ಬ, ಪ್ರೀತಿಯ ಹೆಂಗಸರು, ಎಲ್ಲವೂ ತುಂಬಿದ ಆ ಕವಿತೆಗಳು ನಮ್ಮ ಕೈಗೆ ಬಂದದ್ದು ಈ ಹುಡುಗ ಓದಿದ್ದರಿಂದ, ಓದಿ ಸುಮ್ಮನೆ ಕೂಡದೆ ಇದ್ದದ್ದರಿಂದ. 1940ರಲ್ಲಿ ಮೊಹಿಯುದ್ದೀನ್ ಖಾದ್ರಿ ಜೋರ್ ಅವರು ಸಂಪಾದಿಸಿ ಅಚ್ಚು ಹಾಕಿಸುವವರೆಗೆ ಅದು ಮುನ್ನೂರು ವರ್ಷ ಕಾದಿತ್ತು.

ಜೋರ್ ಅವರ ಹೆಸರು ಬಂದರೆ ನಾನು ಕೈಮುಗಿಯುತ್ತೇನೆ. 1931ರಲ್ಲಿ ಇದಾರಾ-ಎ-ಅದಬಿಯಾತ್-ಎ-ಉರ್ದು ಸಂಸ್ಥೆ ಕಟ್ಟಿ, ಕಂಡಕಂಡಲ್ಲಿಂದ ಹಳೆಯ ಕಾಗದ ಕೂಡಿಸಿದವರು. ಮಹಾರಾಜ ಕಿಶನ್ ಪ್ರಸಾದರು ಮತ್ತು ಇಕ್ಬಾಲ್ ಒಬ್ಬರಿಗೊಬ್ಬರು ಬರೆದ ಪತ್ರಗಳನ್ನು ‘ಶಾದ್ ಇಕ್ಬಾಲ್’ ಎಂಬ ಪುಸ್ತಕ ಮಾಡಿದವರೂ ಅವರೇ. ಕಿಶನ್ ಪ್ರಸಾದರು ನಿಜಾಮರ ಪ್ರಧಾನಿ, ‘ಶಾದ್’ ಎಂಬ ಹೆಸರಿನಲ್ಲಿ ಕವಿ. ಇಕ್ಬಾಲ್ ಲಾಹೋರಿನ ವಕೀಲ, ಅವರೂ ಕವಿ. 1910ರಲ್ಲಿ ಇಕ್ಬಾಲ್ ಇಲ್ಲಿಗೆ ಬಂದು ಗೋಲ್ಕೊಂಡದ ಸುಲ್ತಾನರ ಗೋರಿಗಳನ್ನು ಕಂಡು ‘ಗೋರಿಸ್ತಾನ್-ಎ-ಶಾಹಿ’ ಎಂಬ ಕವಿತೆ ಬರೆದರು. ಆ ಮೇಲೆ ವರ್ಷಗಟ್ಟಲೆ ಪತ್ರ ನಡೆದವು.

ಇಕ್ಬಾಲರಿಗೂ ಹೈದರಾಬಾದಿಗೂ ಅಂಚೆಯ ನಂಟು ಅದಕ್ಕಿಂತ ಹಳೆಯದು. ಎಳೆಯ ವಯಸ್ಸಿನಲ್ಲಿ ಅವರು ತಮ್ಮ ಗಜಲುಗಳನ್ನು ದಾಗ್ ದೆಹಲ್ವಿ ಅವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ದಾಗ್ ಆರನೇ ನಿಜಾಮರ ಉಸ್ತಾದರಾಗಿ ಈ ಊರಿನಲ್ಲಿದ್ದು, 1905ರಲ್ಲಿ ಇಲ್ಲೇ ತೀರಿಕೊಂಡರು. ನಾಂಪಲ್ಲಿಯ ಯೂಸುಫೈನ್ ದರ್ಗಾದಲ್ಲಿ ಅವರ ಗೋರಿ ಇದೆ. ಎಲ್ಲಿಂದೆಲ್ಲಿಂದಲೋ ಶಿಷ್ಯರು ಕವಿತೆ ಕಳಿಸುತ್ತಿದ್ದರು, ಉಸ್ತಾದರು ಒಂದು ಪದ ಹೊಡೆದು ಇನ್ನೊಂದು ಬರೆದು ತಿರುಗಿ ಕಳಿಸುತ್ತಿದ್ದರು. ಆ ತಿದ್ದುಪಡಿಗೆ ಇಸ್ಲಾಹ್ ಎನ್ನುತ್ತಾರೆ. ಇಕ್ಬಾಲರ ವಿಷಯದಲ್ಲಿ ಸ್ವಲ್ಪ ಕಾಲಕ್ಕೇ ದಾಗ್, ನಿನ್ನ ಕವಿತೆಗೆ ಇನ್ನು ತಿದ್ದುವ ಅಗತ್ಯ ಇಲ್ಲ ಎಂದು ಹೇಳಿಬಿಟ್ಟರಂತೆ. ಒಬ್ಬ ಓದುಗ ಕವಿಗೆ ಕೊಡಬಹುದಾದ ಉತ್ತರಗಳಲ್ಲಿ ಅದು ಬಹಳ ದೊಡ್ಡದು. ಹಿರಿಯ ಕವಿಯ ಬಾಯಲ್ಲಿ ಬರುವುದು ಇನ್ನೂ ದೊಡ್ಡದು.

ದೆಹಲಿಯ ಕವಿ ಗಾಲಿಬನಿಗೂ ಹಬೀಬುಲ್ಲಾ ಜಕಾ ಎಂಬ ಅಂಚೆಯ ಶಿಷ್ಯ ಇಲ್ಲಿದ್ದ. ಗಾಲಿಬ್ ಬರೆದ ಪತ್ರಗಳು 1868 ಮತ್ತು 1869ರಲ್ಲಿ ಎರಡು ಪುಸ್ತಕವಾಗಿ ಬಂದವು. ಈ ಸಾಲಿನ ಅರ್ಥ ಏನು ಸ್ವಾಮಿ ಎಂದು ಕೇಳಿದವರಿಗೆ ಆತ ಕೊಟ್ಟ ಉತ್ತರಗಳು ಅದರಲ್ಲಿವೆ, ಇವತ್ತೂ ಓದುತ್ತೇವೆ. ಕೇಳಿದವರ ಕಾಗದಗಳು ಹಾಗೆ ಪುಸ್ತಕವಾಗಲಿಲ್ಲ. ಉತ್ತರ ನೋಡಿ ಪ್ರಶ್ನೆ ಊಹಿಸಬೇಕು.

“ದೊಡ್ಡವರ ಕಾಗದಾ ದೊಡ್ಡವರು ಇಟ್ಕೋತಾರ. ಸಣ್ಣ ಮಂದಿದು ಯಾರ್ ಇಡ್ತಾರ?” ಎಂದರು ಕಾಕು. ನಾನು ಇಷ್ಟು ಹೊತ್ತು ಸುತ್ತಿ ಸುತ್ತಿ ಹೇಳುತ್ತಿದ್ದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಆಮೇಲೆ ಅವರು ನೆನಪು ಮಾಡಿಕೊಂಡು ಇನ್ನೊಂದು ಸಂಗತಿ ತೆಗೆದರು. ಅವರ ಮಾವನವರು ಕಲಬುರಗಿ ಕಡೆಯವರು, ನಿಜಾಮರ ಕಾಲದಲ್ಲಿ ಕಚೇರಿಯಲ್ಲಿದ್ದವರು. ಅವರ ಒಂದು ವಹಿ ಇದೆಯಂತೆ, ಉದ್ದಕ್ಕೆ ಬಿಚ್ಚುವ ಹಾಳೆಗಳದ್ದು. ಹಾಲಿನ ಲೆಕ್ಕ, ಬಾಡಿಗೆ, ಜೋಳ ಬಂದದ್ದು, ನಡುನಡುವೆ ಕವಿತೆ. ಕೆಲವು ಕನ್ನಡ, ಹೆಚ್ಚಿನವು ಉರ್ದು.

“ಬಯಾಜ್ ಅಂತಾರ್ರಿ ಕಾಕು ಅದಕ್ಕ!” ಎಂದು ನಾನು ಗೋಡೆ ಹತ್ತುವುದೊಂದು ಬಾಕಿ. ಮುಶಾಯಿರಾದಲ್ಲಿ ಕೇಳಿದ್ದು, ಪತ್ರಿಕೆಯಲ್ಲಿ ಕಂಡದ್ದು, ಗೆಳೆಯ ಹೇಳಿದ್ದು, ಮನಸ್ಸಿಗೆ ನಾಟಿದ ಸಾಲನ್ನೆಲ್ಲ ಬರೆದಿಟ್ಟುಕೊಳ್ಳುವ ಪುಸ್ತಕ ಬಯಾಜ್. ಉರ್ದು ಪಾರ್ಸಿ ಓದುವ ಮನೆಗಳಲ್ಲಿ ಶತಮಾನಗಳಿಂದ ನಡೆದು ಬಂದದ್ದು. ಎಷ್ಟೋ ಕವಿಗಳ ಸಾಲುಗಳು ಯಾರದೋ ಬಯಾಜಿನಿಂದಲೇ ಸಿಕ್ಕಿವೆ. ಮೆಚ್ಚಿದೆ ಎಂದು ಅದರಲ್ಲಿ ಯಾರೂ ಬರೆಯುವುದಿಲ್ಲ, ನಕಲು ಮಾಡಿಕೊಂಡದ್ದೇ ಮೆಚ್ಚುಗೆ. ನಕಲು ಮಾಡುವಾಗ ಕೈತಪ್ಪಿ ಬದಲಾದ ಪದಕ್ಕೂ ಬೆಲೆ ಇದೆ. ಆ ಓದುಗನ ಕಿವಿಗೆ ಸಾಲು ಹಾಗೆ ಕೇಳಿಸಿತ್ತು ಎಂದು ಗೊತ್ತಾಗುತ್ತದೆ.

ಇನ್ನು ಹಾಲಿನ ಲೆಕ್ಕ. ಕಾಕು ಅದಕ್ಕೇ ಸಂಕೋಚಪಟ್ಟರು: “ಕವಿತಾ ಬ್ಯಾರೆ, ಲೆಕ್ಕಾ ಬ್ಯಾರೆ ಮಾಡಿ ತೋರ್ಸಬೇಕಿತ್ತು.” ಬೇಡವೇ ಬೇಡ ಎಂದೆ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲದ ದಿನ ಆ ಮನುಷ್ಯ ಯಾವ ಕವಿತೆ ಬರೆದುಕೊಂಡರು ಎಂಬುದು ಬರೀ ಕವಿತೆಗಳ ಪಟ್ಟಿಯಿಂದ ತಿಳಿಯುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕವಿಯ ಜೀವನ, ಕಾವ್ಯದ ಲಕ್ಷಣ ಎಲ್ಲ ಓದಿಸುತ್ತಾರೆ. ಆ ಕವಿತೆ ಒಬ್ಬ ಗುಮಾಸ್ತನ ದಿನದೊಳಗೆ ಯಾವ ಹೊತ್ತಿಗೆ ಬಂತು ಎಂಬುದು ಮಾತ್ರ ಇಂಥ ವಹಿಯಲ್ಲೇ ಸಿಗಬೇಕು.

ದಿನಚರಿಯ ಬೆಲೆ ಎಷ್ಟೆಂದು ತೋರಿಸಲು ಕುವೆಂಪು ಸಾಕು. ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ 1980ರಲ್ಲಿ ಬಂತು. ಆದರೆ ಅದರ ಬೆನ್ನೆಲುಬು ಎಳೆವಯಸ್ಸಿನಲ್ಲಿ ಇಟ್ಟಿದ್ದ ದಿನಚರಿ. ಯಾವ ಪುಸ್ತಕ ಕೈಗೆ ಬಂತು, ವರ್ಡ್ಸ್‌ವರ್ತ್ ಓದಿ ಮನಸ್ಸು ಏನಾಯಿತು, ಎಲ್ಲ ಆಗಿಂದಾಗ ಬರೆದದ್ದು. ಮುದುಕರಾದ ಮೇಲೆ ನೆನಪಿನಿಂದ ಬರೆದಿದ್ದರೆ ಮಹಾಕವಿ ಬರೆಯುತ್ತಿದ್ದರು. ದಿನಚರಿಯಲ್ಲಿ ಸಿಗುವವನು ಇನ್ನೂ ಏನೂ ಆಗಿರದ, ಓದಿ ಓದಿ ಹಸಿವಾದ ಹುಡುಗ. ನನಗೆ ಆ ಹುಡುಗನ ಮೇಲೆ ಪ್ರೀತಿ ಹೆಚ್ಚು.

ಅದೇ ಹುಡುಗನಿಗೆ 1924ರಲ್ಲಿ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ಅವನ ಇಂಗ್ಲಿಷ್ ಪದ್ಯಗಳನ್ನು ಓದಿ, ನಿನ್ನ ಭಾಷೆಯಲ್ಲಿ ಬರೆ ಎಂದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಅಂಥದೇ ಪ್ರಸಂಗ ಹೈದರಾಬಾದಿನ ಹುಡುಗಿಯೊಬ್ಬಳಿಗೂ ಆಗಿತ್ತು. ಸರೋಜಿನಿ ನಾಯ್ಡು ಹದಿನಾರರ ವಯಸ್ಸಿಗೆ ಇಂಗ್ಲೆಂಡಿಗೆ ಹೋದಾಗ ತಮ್ಮ ಪದ್ಯಗಳನ್ನು ಎಡ್ಮಂಡ್ ಗಾಸ್ ಎಂಬ ವಿಮರ್ಶಕರಿಗೆ ಕೊಟ್ಟರು. ಇವು ಇಂಗ್ಲಿಷ್ ಕವಿಗಳ ನೆರಳು, ಬುಟ್ಟಿಗೆ ಹಾಕು, ನಿನ್ನ ದಖನ್ನಿನ ಮಣ್ಣು ಹೂವು ಬರೆ ಎಂದು ಗಾಸ್ ಹೇಳಿದರು. 1912ರ ‘ದಿ ಬರ್ಡ್ ಆಫ್ ಟೈಮ್’ ಸಂಕಲನದ ಮುನ್ನುಡಿಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಅದಕ್ಕೂ ಮೊದಲು, 1905ರಲ್ಲಿ ‘ದಿ ಗೋಲ್ಡನ್ ಥ್ರೆಶೋಲ್ಡ್’ ಬಂದಾಗ ಆರ್ಥರ್ ಸೈಮನ್ಸ್ ಮುನ್ನುಡಿಯಲ್ಲಿ ಸರೋಜಿನಿಯವರ ಪತ್ರಗಳನ್ನೇ ಸೇರಿಸಿದರು. ಹೈದರಾಬಾದಿನ ಮಾರ್ಚ್ ತಿಂಗಳ ಮುಂಜಾವಿನ ಬಿಸಿಲು, ಗಾಳಿ, ಹಕ್ಕಿ ಎಲ್ಲ ಆ ಪತ್ರಗಳಲ್ಲಿ ಅಲ್ಲಿಗೆ ಹೋಗಿವೆ. ಅವರ ಮನೆ ಗೋಲ್ಡನ್ ಥ್ರೆಶೋಲ್ಡ್ ಇಂದಿಗೂ ನಾಂಪಲ್ಲಿಯಲ್ಲಿದೆ.

ಕಸಿನ್ಸ್ ಹೇಳಿದ್ದಕ್ಕೂ ಗಾಸ್ ಹೇಳಿದ್ದಕ್ಕೂ ಒಂದು ವ್ಯತ್ಯಾಸ ನನಗೆ ಕಾಣುತ್ತದೆ, ಕಾಕುವಿಗೂ ಹೇಳಿದೆ. ಕಸಿನ್ಸ್ ಭಾಷೆ ಬದಲಿಸು ಎಂದ. ಗಾಸ್ ಭಾಷೆ ಇಂಗ್ಲಿಷೇ ಇರಲಿ, ಒಳಗಿನ ಸರಕು ಮಾತ್ರ ಇಂಡಿಯಾದ್ದು ಬೇಕು ಎಂದ. ಆ ಮಾತಿನಲ್ಲಿ ಓದುವವನ ಆಸೆ ಹೆಚ್ಚು, ಬರೆಯುವಾಕೆಯ ಅಗತ್ಯ ಕಡಿಮೆ. ಸರೋಜಿನಿ ಆ ಸಲಹೆ ಪಾಲಿಸಿದರು, ಹೆಸರೂ ಬಂತು. ಈ ಗಲ್ಲಿಗಳಲ್ಲಿ ಮೊಳಗುತ್ತಿದ್ದ ಭಾಷೆಯಲ್ಲಿ ಬರೆ ಎಂದು ಯಾರಾದರೂ ಒಂದು ಕಾಗದ ಹಾಕಿದ್ದರೆ ಏನಾಗುತ್ತಿತ್ತೋ ಎಂಬ ಆಸೆ ನನಗೆ ಹೋಗುವುದಿಲ್ಲ.

ನಮ್ಮ ಕನ್ನಡದವರ ಪಾಡು ಬೇರೆ. ಕಲಬುರಗಿ, ರಾಯಚೂರು, ಬೀದರ ನಿಜಾಮರ ಸೀಮೆಯಲ್ಲಿದ್ದಾಗ ಕಚೇರಿ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು. ಕೊಪ್ಪಳದ ದ್ಯಾಂಪುರದಿಂದ ಬಂದ ಸಿದ್ಧಯ್ಯ ಪುರಾಣಿಕರು ಅಲ್ಲಿ ಓದಿಯೇ ಕನ್ನಡದ ‘ಕಾವ್ಯಾನಂದ’ರಾದರು. ಧಾರವಾಡದ ‘ಜಯಕರ್ನಾಟಕ’ದಂಥ ಪತ್ರಿಕೆ ಅಂಚೆಯಲ್ಲಿ ಬಂದರೆ ಅದೇ ಕನ್ನಡದ ಗಾಳಿ. ಓದಿದವರು ಬರೆದುಕೊಂಡದ್ದು ಎಷ್ಟೋ ಮನೆಗಳಲ್ಲಿ ಉರ್ದು ಲಿಪಿಯಲ್ಲಿದೆ. ಈಗಿನ ಮೊಮ್ಮಕ್ಕಳಿಗೆ ಅಜ್ಜನ ಕೈಬರಹ ಓದಲು ಬರುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಸೀಮೆ ಭಾರತಕ್ಕೆ ಸೇರಿದ ನಂತರ ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು, ಅಲ್ಲಿಗೆ ಆ ತಲೆಮಾರಿನ ಓದು ಬರಹದ ಕೊಂಡಿ ಕಳಚಿತು. ಅದಕ್ಕೂ ಮೊದಲು ನಿಜಾಮರ ಪರ ನಿಂತ ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು ಗಡಿಯಾಚೆ ಹೋದವರು ಮಕ್ಕಳನ್ನು ಎತ್ತಿಕೊಂಡು ಹೋದರು, ಕಾಗದದ ಟ್ರಂಕು ಎಲ್ಲಿ ಹೊರುತ್ತಾರೆ? ಈ ಊರಿನವರ ಕಾಗದಗಳಿಗಂತೂ 1908ರ ಸೆಪ್ಟೆಂಬರ್ 28ರ ಮೂಸಿ ಹೊಳೆಯೂ ಇತ್ತು. ಆ ಪೂರದಲ್ಲಿ ತಾಯಿ, ಹೆಂಡತಿ, ಮಗಳನ್ನು ಕಳೆದುಕೊಂಡ ಕವಿ ಅಮ್ಜದ್ ಹೈದರಾಬಾದಿ ಆ ದುಃಖವನ್ನೇ ಕವಿತೆ ಮಾಡಿದರು. ಜನರೇ ಹೋದ ಮೇಲೆ ಅವರ ಪತ್ರಗಳ ಮಾತು ಯಾರು ಆಡಿಯಾರು.

ಪುರಾಣಿಕರ ನಂತರವೂ ಇಲ್ಲಿ ಕನ್ನಡ ಕವಿಗಳಿದ್ದರು. ವಿ.ಕೃ. ಗೋಕಾಕರು ಇಲ್ಲಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಜಿ.ಎಸ್. ಶಿವರುದ್ರಪ್ಪನವರು 1963ರಿಂದ 1966ರವರೆಗೆ ಉಸ್ಮಾನಿಯಾದಲ್ಲಿ ಪಾಠ ಹೇಳಿದರು. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದ ಸಭೆಗೆ ಹೋಗಿ ಬಂದವರು ಈ ಓಣಿಗಳಲ್ಲಿ ಇನ್ನೂ ಇದ್ದಾರೆ. ಅವರ ಮನೆಗಳಲ್ಲಿ ಒಂದು ಕಾರ್ಡು, ಒಂದು ಡೈರಿಯ ಹಾಳೆ ಇರಲೇಬೇಕು. ಅವರು ಕವಿಗಳಲ್ಲ, ಹೀಗಾಗಿ ಯಾರೂ ಹೋಗಿ ಕೇಳಿಲ್ಲ.

“ಬರದದ್ದು ಉಳೀಬೇಕಂದ್ರ ಕಾಗದದ ಮ್ಯಾಲೆ ಬರೀಬಾರ್ದಾಗಿತ್ತು ಹಂಗಾರ” ಎಂದರು ಕಾಕು.

ಕಾಗದದ ಮೇಲೆ ಬರೆಯದ ಒಬ್ಬ ಇದ್ದ, ಅವನ ಕಥೆ ಹೇಳುತ್ತೇನೆ ಎಂದೆ. ಕರೀಂನಗರ ಜಿಲ್ಲೆಯ ಗಂಗಾಧರದ ಹತ್ತಿರ ಕುರಿಕ್ಯಾಲ ಎಂಬ ಊರಿದೆ. ಅಲ್ಲಿನ ಬೊಮ್ಮಲಗುಟ್ಟದ ಬಂಡೆಯ ಮೇಲೆ ಹತ್ತನೆಯ ಶತಮಾನದ ಒಂದು ಶಾಸನ. ಬರೆಸಿದವನು ಜಿನವಲ್ಲಭ, ಆದಿಕವಿ ಪಂಪನ ತಮ್ಮ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆ ಅದರಲ್ಲಿವೆ; ಅದರ ತೆಲುಗು ಕಂದಪದ್ಯಗಳು ಆ ಭಾಷೆಯ ಅತಿ ಹಳೆಯವುಗಳಲ್ಲಿ ಸೇರಿವೆ ಎಂದು ತೆಲುಗಿನವರು ಅಭಿಮಾನದಿಂದ ಹೇಳುತ್ತಾರೆ. ನಮ್ಮ ಅಭಿಮಾನ ಇನ್ನೊಂದು. ವೇಮುಲವಾಡದ ಅರಸ ಅರಿಕೇಸರಿ ಪಂಪನಿಗೆ ಧರ್ಮಪುರವನ್ನು ಅಗ್ರಹಾರವಾಗಿ ಕೊಟ್ಟದ್ದು, ಅಣ್ಣತಮ್ಮಂದಿರ ತಂದೆ ತಾಯಿ, ಮನೆತನ, ಎಲ್ಲ ಈ ಬಂಡೆಯಲ್ಲಿದೆ. ಪಂಪ ತನ್ನ ಬಗ್ಗೆ ತಾನು ಕಾವ್ಯದಲ್ಲಿ ಹೇಳಿಕೊಂಡದ್ದಕ್ಕೆ ಹೊರಗಿನ ಸಾಕ್ಷಿ ಇದು. ಅಣ್ಣನ ಕಾವ್ಯ ತಾಳೆಗರಿಯಲ್ಲಿ ಕೈಯಿಂದ ಕೈಗೆ ಹೋಗಲಿ, ನನ್ನ ಮಾತು ಗುಡ್ಡದ ಮೇಲಿರಲಿ ಎಂದು ಆತ ಅಂದುಕೊಂಡನೋ ಏನೋ. ಅದೇ ಶತಮಾನದ ಕೊನೆಗೆ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆಕೆಯೂ ಓದುಗಿತ್ತಿಯೇ, ಮೆಚ್ಚಿದ್ದನ್ನು ಆಕೆ ಹೇಳಿದ ರೀತಿ ಅದು.

ಕಾಕು ಇಷ್ಟು ಹೊತ್ತು ನಿಂತೇ ಕೇಳಿದ್ದರು. “ಹೈದ್ರಾಬಾದಿನಿಂದ ಎಷ್ಟು ದೂರ ಆಗ್ತದ ಆ ಗುಡ್ಡ?” ಎಂದರು.

ಬೆಳಿಗ್ಗೆ ಬೇಗ ಹೊರಟು ಸಿದ್ಧಿಪೇಟೆಯ ಮೇಲೆ ಹೋದರೆ ಮಧ್ಯಾಹ್ನದ ಊಟದೊಳಗೆ ಕರೀಂನಗರ ದಾಟಬಹುದು. ಗುಡ್ಡ ಹತ್ತುವುದು ನಿಮಗೆ ಕಷ್ಟವಾದೀತು ಎಂದೆ.

“ನಾ ಕೆಳಗ ಕೂಡ್ತೀನಿ ತಂಗೀ. ನೀ ಹತ್ತಿ ಓದಿ ಬಂದು ಹೇಳು. ಮತ್ತ ಮಾವನೋರ ವಹಿ ಓದೋ ಉರ್ದು ಮಾಸ್ತರ್‍ನ ಯಾರರೆ ನೋಡು, ಕನ್ನಡಾನೂ ಬರಬೇಕು ಅವ್ರಿಗಿ.”